ನಾತ ಹೋದರೂ ನೈಟ್ರೋಜನ್ ಉಳಿಯುತ್ತದೆ

ಮಂಗಳೂರು, ಉಡುಪಿ ಕಡೆ ಕೂತು ಹವಳದ ಮಾತು ಎತ್ತಿದರೆ ಮೊದಲು ಬರುವ ಪ್ರಶ್ನೆ ಒಂದೇ: "ನಮ್ಮಲ್ಲಿ ಹವಳ ಎಲ್ಲಿದೆ ಮಾರಾಯ್ರೆ?" ನ್ಯಾಯವಾದ ಪ್ರಶ್ನೆಯೇ. ಪಣಂಬೂರಿನಲ್ಲಿ ಮುಳುಗಿ ನೋಡಿದರೆ ಕಾಣುವುದು ಮರಳು ಮತ್ತು ಕೆಸರು. ಮಲ್ಪೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ ನದಿಗಳು ಕೆಂಪು ನೀರನ್ನೂ ಹೂಳನ್ನೂ ತಂದು ಕಡಲಿಗೆ ಸುರಿಯುತ್ತವೆ. ಅದೇ ಹೊತ್ತಿಗೆ ಕಡಲಿನ ಆಳದಿಂದ ತಣ್ಣಗಿನ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ. ಮೀನಿಗೆ ಇದು ಹಬ್ಬ. ಹವಳಕ್ಕೆ ಎರಡೂ ಆಗಿಬರುವುದಿಲ್ಲ. ಹಾಗಾಗಿ ಕರ್ನಾಟಕದ ತೀರಕ್ಕೆ ಅಂಟಿಕೊಂಡು ದೊಡ್ಡ ಹವಳದ ದಿಬ್ಬಗಳು ಬೆಳೆದಿಲ್ಲ. ಇರುವ ಹವಳ ತೀರದಿಂದ ದೂರದ ಬಂಡೆ ದ್ವೀಪಗಳ ಸುತ್ತ ಇದೆ. ಅದರಲ್ಲಿ ಎಲ್ಲರಿಗೂ ಗೊತ್ತಿರುವುದು ಮುರ್ಡೇಶ್ವರದ ಎದುರಿನ ನೇತ್ರಾಣಿ. ಸ್ಕೂಬಾ ಡೈವಿಂಗ್‌ಗೆ ಜನ ಹೋಗುವ ಜಾಗ ಅದೇ.

ಇನ್ನೊಂದು ನಂಟು ಹಳೆಯದು. ಮಂಗಳೂರಿನ ಹಳೆ ಬಂದರಿನಿಂದ ಈಗಲೂ ಮಂಜಿಗಳು (ಮರದ ಸರಕು ಹಡಗುಗಳು) ಅಕ್ಕಿ, ತರಕಾರಿ, ಕಟ್ಟಡದ ಸಾಮಾನು ತುಂಬಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತವೆ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ಆಡಳಿತದ ಲೆಕ್ಕದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಂದರೆ ಒಂದು ಕಾಲದಲ್ಲಿ ನಮ್ಮ ಜಿಲ್ಲೆಯ ಒಂದು ಭಾಗ ಪೂರ್ತಿ ಹವಳದ ಮೇಲೆಯೇ ನಿಂತಿತ್ತು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಮಂಗಳೂರಿನ ಚರಂಡಿ ನೀರು ನೇತ್ರಾಣಿಯ ಹವಳವನ್ನು ಕೊಲ್ಲುತ್ತಿದೆ ಎಂದು ನಾನು ವಾದಿಸುತ್ತಿಲ್ಲ. ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ಕಡಲಿದೆ. ತೀರದ ಪ್ರವಾಹ ಮಳೆಗಾಲದಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ಹರಿಯುತ್ತದೆ. ನೇತ್ರಾಣಿಗೆ ಹತ್ತಿರದ ಅಪಾಯ ಭಟ್ಕಳ, ಮುರ್ಡೇಶ್ವರದಂಥ ಪಕ್ಕದ ಊರುಗಳಿಂದ ಬರಬಹುದು. ನನ್ನ ವಾದ ಬೇರೆ. ಕೊಳಚೆ ಎಂದರೆ ಏನು, ಅದು "ಶುದ್ಧ" ಆಯಿತು ಎಂದರೆ ಏನು ಎಂದು ನಾವು ಅಳೆಯುವ ರೀತಿಯೇ ಕಡಲಿಗೆ ಹೊಂದುವುದಿಲ್ಲ. ನಾವು ನಾತ ಮತ್ತು ಬಣ್ಣ ನೋಡುತ್ತೇವೆ. ಹವಳಕ್ಕೆ ತೊಂದರೆ ಕೊಡುವುದು ಹೆಚ್ಚಾಗಿ ನಾತವೂ ಇಲ್ಲದ, ಬಣ್ಣವೂ ಇಲ್ಲದ ವಸ್ತು.

ಹವಳ ಕಲ್ಲಿನಂತೆ ಕಂಡರೂ ಪ್ರಾಣಿ. ಸಣ್ಣ ಸಣ್ಣ ಪಾಲಿಪ್‌ಗಳು ಸೇರಿ ಸುಣ್ಣದ ಗೂಡು ಕಟ್ಟುತ್ತವೆ. ಪ್ರತಿ ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ವಾಸ ಮಾಡುತ್ತದೆ. ಇವರಿಬ್ಬರ ಸಂಬಂಧ ನಮ್ಮ ಕಡೆಯ ಹಳೆ ಕಾಲದ ಗೇಣಿಯ ಹಾಗೆ. ಪಾಲಿಪ್ ಧಣಿ, ಪಾಚಿ ಒಕ್ಕಲು. ಧಣಿ ಇರಲು ಜಾಗ ಕೊಡುತ್ತಾನೆ, ಗೊಬ್ಬರವನ್ನು ಅಳೆದು ಅಳೆದು ಕೊಡುತ್ತಾನೆ. ಒಕ್ಕಲು ಬಿಸಿಲಿನಲ್ಲಿ ಬೆಳೆ ತೆಗೆದು ಸಕ್ಕರೆಯ ರೂಪದಲ್ಲಿ ಗೇಣಿ ಅಳೆಯುತ್ತಾನೆ. ಹವಳಕ್ಕೆ ಬೇಕಾದ ಆಹಾರದ ಬಹುಪಾಲು ಈ ಗೇಣಿಯಿಂದಲೇ ಬರುತ್ತದೆ. ಈ ಏರ್ಪಾಡು ನಡೆಯಲು ಎರಡು ಷರತ್ತು: ಬಿಸಿಲು ಒಳಗೆ ಬರುವಷ್ಟು ತಿಳಿ ನೀರು ಬೇಕು, ಹೊರಗಿನ ನೀರಿನಲ್ಲಿ ಗೊಬ್ಬರ ಕಡಿಮೆ ಇರಬೇಕು. ಹೊರಗಿನಿಂದ ನೈಟ್ರೋಜನ್ ಧಾರಾಳವಾಗಿ ಬಂದರೆ ಒಕ್ಕಲಿಗೆ ಧಣಿಯ ಹಂಗೇ ಬೇಡ. ಪಾಚಿ ತನ್ನ ಪಾಡಿಗೆ ತಾನು ಬೆಳೆಯುತ್ತದೆ, ದುಡಿದದ್ದನ್ನೆಲ್ಲ ತಾನೇ ಇಟ್ಟುಕೊಳ್ಳುತ್ತದೆ. ಹವಳ ನೋಡಲು ಕಡು ಬಣ್ಣದಲ್ಲಿ ತುಂಬಿಕೊಂಡಂತೆ ಕಾಣುತ್ತದೆ, ಒಳಗಿನಿಂದ ಹಸಿದಿರುತ್ತದೆ.

ಇದು ಪಾಲಿಪ್ ಒಳಗಿನ ಕಥೆ. ಹೊರಗೆ ಇನ್ನೂ ಹಲವು ಕಡೆಯಿಂದ ಏಟು ಬೀಳುತ್ತದೆ. ನೈಟ್ರೋಜನ್ ಮತ್ತು ರಂಜಕ ಸಿಕ್ಕಿದರೆ ನೀರಿನಲ್ಲಿ ತೇಲುವ ಸಸ್ಯ ಪ್ಲವಕ ಹೆಚ್ಚಿ ನೀರು ಹಸಿರಾಗುತ್ತದೆ, ಬಿಸಿಲು ಕೆಳಗೆ ಇಳಿಯುವುದಿಲ್ಲ. ತಳದಲ್ಲಿ ದೊಡ್ಡ ಪಾಚಿಗಳು ಹವಳದ ಮೇಲೆ ಹಬ್ಬುತ್ತವೆ. ಹವಳದ ಮರಿ ಬಂದು ಕೂರಲು ಬರೀ ಬಂಡೆಯೇ ಸಿಗುವುದಿಲ್ಲ. ಹವಳ ತಿನ್ನುವ ಮುಳ್ಳಿನ ಕಿರೀಟದ ನಕ್ಷತ್ರ ಮೀನಿನ ಮರಿಗಳಿಗೆ ಪ್ಲವಕವೇ ಊಟ. ಹಾಗಾಗಿ ಗೊಬ್ಬರ ಬಿದ್ದ ನೀರಿನಲ್ಲಿ ಅವು ಜಾಸ್ತಿ ಬದುಕುತ್ತವೆ. ಸುಣ್ಣದ ಗೂಡನ್ನು ಕೊರೆಯುವ ಸ್ಪಂಜು, ಹುಳುಗಳಿಗೂ ಇದು ಒಳ್ಳೆಯ ಕಾಲ. ಕೊಳಚೆಯ ಜೊತೆ ಬರುವ ಸಾವಯವ ಕಸವನ್ನು ಬ್ಯಾಕ್ಟೀರಿಯಾಗಳು ತಿನ್ನುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. ಬೋಟುಗಳ ತಳಕ್ಕೆ ಬಳಿಯುವ ಪೇಂಟಿನ ತಾಮ್ರವಂತೂ ಹವಳದ ಮೊಟ್ಟೆ, ಮರಿಗಳಿಗೆ ನೇರ ವಿಷ. ಇದಿಷ್ಟೂ ಒಂದೇ ದಿನ ನಡೆಯುವುದಿಲ್ಲ. ಅದಕ್ಕೇ ಸುದ್ದಿಯೂ ಆಗುವುದಿಲ್ಲ. ಎಣ್ಣೆ ಹಡಗು ಮುಳುಗಿದರೆ ಟಿವಿಯವರು ಬರುತ್ತಾರೆ, ನೈಟ್ರೋಜನ್ ಹರಿದರೆ ಯಾರು ಬರುತ್ತಾರೆ?

ಆಳದಿಂದ ಮೇಲೆ ಬರುವ ನೀರಿನಲ್ಲೇ ಗೊಬ್ಬರ ಇದೆಯಲ್ಲ, ಕೊಳಚೆಯದು ಯಾವ ಲೆಕ್ಕ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಆಕ್ಷೇಪ. ಆದರೆ ಅದು ಋತುವಿನ ಸಂಗತಿ. ಬರುತ್ತದೆ, ಹೋಗುತ್ತದೆ. ನೇತ್ರಾಣಿಯಲ್ಲಿ ಉಳಿದಿರುವ ಹವಳಗಳು ಆ ನಾಲ್ಕು ತಿಂಗಳ ಕಷ್ಟಕ್ಕೆ ಒಗ್ಗಿಕೊಂಡವು. ಉಳಿದ ಎಂಟು ತಿಂಗಳ ತಿಳಿ ನೀರಿನಲ್ಲಿ ಚೇತರಿಸಿಕೊಳ್ಳುತ್ತವೆ. ಕೊಳಚೆಗೆ ಋತು ಇಲ್ಲ. ಅದು ಆ ಎಂಟು ತಿಂಗಳನ್ನೂ ಕಸಿದುಕೊಳ್ಳುತ್ತದೆ.

ಇದು ಪುಸ್ತಕದ ಭಯವಲ್ಲ ಎನ್ನುವುದಕ್ಕೆ ಹವಾಯಿಯ ಕಾನಿಯೋಹೆ ಕೊಲ್ಲಿ ಸಾಕ್ಷಿ. ಒವಾಹು ದ್ವೀಪದ ಈ ಕೊಲ್ಲಿಗೆ ದಶಕಗಳ ಕಾಲ ಊರಿನ ಕೊಳಚೆ ಹರಿಯಿತು. ಗುಳ್ಳೆ ಗುಳ್ಳೆಯಾಗಿ ಬೆಳೆಯುವ ಒಂದು ಹಸಿರು ಪಾಚಿ ಹವಳವನ್ನು ಕಂಬಳಿ ಹೊದಿಸಿದಂತೆ ಮುಚ್ಚಿತು. 1977-78ರಲ್ಲಿ ಪೈಪನ್ನು ಅಲ್ಲಿಂದ ತೆಗೆದು ಹೊರಗಿನ ಆಳ ಕಡಲಿಗೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು, ಹವಳ ಮರಳಿ ಬರತೊಡಗಿತು. ಆದರೆ ಆ ಪಾಚಿ ಪೂರ್ತಿ ಕಾಲ್ತೆಗೆದದ್ದು 2006ರ ಹೊತ್ತಿಗೆ. ಅಂದರೆ ಪೈಪು ತಿರುಗಿಸಿ ಸುಮಾರು ಮೂವತ್ತು ವರ್ಷ ಆದ ಮೇಲೆ. ಇನ್ನೂ ಒಂದು ಸಂಗತಿ: ಅಲ್ಲಿ ಆಳ ಕಡಲು ಮನೆ ಬಾಗಿಲಲ್ಲೇ ಇತ್ತು. ನಮ್ಮಲ್ಲಿ ತೀರದಿಂದ ಬಹಳ ದೂರದವರೆಗೂ ಕಡಲು ಆಳವಿಲ್ಲ. "ಪೈಪು ಉದ್ದ ಮಾಡಿ ಕಡಲಿಗೆ ಬಿಟ್ಟರೆ ಮುಗಿಯಿತು" ಎನ್ನುವ ಮಾತು ಇಲ್ಲಿ ಅಷ್ಟು ಸುಲಭಕ್ಕೆ ನಡೆಯುವುದಿಲ್ಲ.

ಅಮೆರಿಕದ ಫ್ಲಾರಿಡಾ ಕೀಸ್ ಎಂಬ ದ್ವೀಪಸಾಲಿನ ಕಥೆ ಇನ್ನೂ ಹತ್ತಿರದ್ದು ಎನಿಸುತ್ತದೆ, ಏಕೆಂದರೆ ಅಲ್ಲಿ ತಪ್ಪು ನಡೆದದ್ದು ಮನೆ ಮನೆಯ ಗುಂಡಿಗಳಲ್ಲಿ. ಸುಣ್ಣಕಲ್ಲಿನ, ತೂತು ತೂತಾದ ನೆಲ. ಅದರ ಮೇಲೆ ಸೆಪ್ಟಿಕ್ ಟ್ಯಾಂಕ್, ಕೊಳಚೆ ಗುಂಡಿ. ಅಲ್ಲಿನ ಜಿಂಕೆಕೊಂಬಿನ ಆಕಾರದ ಹವಳಕ್ಕೆ ಬಿಳಿ ಮಚ್ಚೆಯ ರೋಗ ಬಂದು ಅದು ದಂಡಿಯಾಗಿ ಸತ್ತಿತು. ರೋಗಕ್ಕೆ ಕಾರಣ ಸೆರೇಶಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಎಂದು 2002ರಲ್ಲಿ ಗೊತ್ತಾಯಿತು. ಅದು ಮನುಷ್ಯರ ಕರುಳಿನಲ್ಲೂ ಇರುವಂಥದ್ದು. ಅದು ಬಂದದ್ದು ಮನುಷ್ಯರ ಕೊಳಚೆಯಿಂದಲೇ ಎಂದು 2011ರಲ್ಲಿ ಪ್ರಯೋಗದಿಂದ ಸಾಬೀತಾಯಿತು. ಬೆನ್ನೆಲುಬೇ ಇಲ್ಲದ ಕಡಲ ಪ್ರಾಣಿಗೆ ಮನುಷ್ಯರಿಂದ ರೋಗ ಅಂಟಿದ್ದು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ದಿನಕ್ಕೆ ಒಬ್ಬರು ಸುಮಾರು 60 ಗ್ರಾಂ ಪ್ರೋಟೀನ್ ತಿನ್ನುತ್ತಾರೆ ಎಂದಿಟ್ಟುಕೊಳ್ಳಿ. ಬಂಗುಡೆ, ಬೂತಾಯಿ ತಿನ್ನುವ ಊರಿನಲ್ಲಿ ಇದು ದೊಡ್ಡ ಮಾತಲ್ಲ. ಪ್ರೋಟೀನ್‌ನ ತೂಕದಲ್ಲಿ ಸುಮಾರು 16 ಶೇಕಡಾ ನೈಟ್ರೋಜನ್. ಬೆಳೆದ ಮನುಷ್ಯನ ದೇಹ ಅದನ್ನು ಕೂಡಿಡುವುದಿಲ್ಲ, ಹೆಚ್ಚುಕಮ್ಮಿ ತಿಂದಷ್ಟನ್ನೂ ಹೊರಗೆ ಹಾಕುತ್ತದೆ, ಹೆಚ್ಚಿನದು ಮೂತ್ರದಲ್ಲಿ. ತಲೆಗೆ ಸುಮಾರು 10 ಗ್ರಾಂ ಆಯಿತು. 2011ರ ಜನಗಣತಿಯಲ್ಲಿ ಮಂಗಳೂರು ಪಾಲಿಕೆ ವ್ಯಾಪ್ತಿಯ ಜನ ಸುಮಾರು 5 ಲಕ್ಷ. ಗುಣಿಸಿದರೆ ದಿನಕ್ಕೆ 5 ಟನ್ ನೈಟ್ರೋಜನ್. 45 ಕೆಜಿಯ ಯೂರಿಯಾ ಮೂಟೆಯ ಲೆಕ್ಕದಲ್ಲಿ ದಿನಕ್ಕೆ ಸುಮಾರು 240 ಮೂಟೆ. ಇದು ನನ್ನ ಕೈಲೆಕ್ಕ, ಅಳತೆಯಲ್ಲ. ಆದರೂ ಪ್ರಮಾಣ ಎಷ್ಟು ಎಂದು ಅಂದಾಜು ಸಿಗುತ್ತದೆ. ತಮಾಷೆ ಎಂದರೆ ಪಣಂಬೂರಿನಲ್ಲಿ ಯೂರಿಯಾ ತಯಾರಿಸುವ ಕಾರ್ಖಾನೆಯೂ ಇದೆ. ಒಂದು ಕಡೆ ಗಾಳಿಯಿಂದ ನೈಟ್ರೋಜನ್ ಹಿಡಿದು ಮೂಟೆ ಕಟ್ಟುತ್ತೇವೆ, ಇನ್ನೊಂದು ಕಡೆ ಪುಕ್ಕಟೆ ಸಿಕ್ಕ ನೈಟ್ರೋಜನ್ ಅನ್ನು ತೋಡಿಗೆ ಬಿಡುತ್ತೇವೆ.

"ಎಸ್‌ಟಿಪಿ (ಕೊಳಚೆ ಸಂಸ್ಕರಣಾ ಘಟಕ) ಇದೆಯಲ್ಲ" ಎನ್ನಬಹುದು. ಇದೆ. ಕಾವೂರು, ಬಜಾಲ್, ಪಚ್ಚನಾಡಿ, ಸುರತ್ಕಲ್ ಬಳಿಯ ಮಧ್ಯ, ಹೀಗೆ ಮಂಗಳೂರಿನಲ್ಲಿ ಘಟಕಗಳಿವೆ. ಉಡುಪಿಯದು ನಿಟ್ಟೂರಿನಲ್ಲಿದೆ. ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದಲ್ಲಿ ನಗರ ಅಭಿವೃದ್ಧಿಯ ಕುಡ್ಸೆಂಪ್ ಯೋಜನೆ ಬಂದಾಗ ಅದರ ಹೆಸರಿನಲ್ಲೇ "ಕರಾವಳಿ ಪರಿಸರ" ಇತ್ತು. ಮಾಮೂಲಿ ಘಟಕದಲ್ಲಿ ಆಗುವುದೇನು? ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸಿ ಸಾವಯವ ಕೊಳೆಯನ್ನು ತಿನ್ನಿಸುತ್ತಾರೆ. ಬಿಒಡಿ (ಆ ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಅಳತೆ) ಇಳಿಯುತ್ತದೆ, ನೀರು ತಿಳಿಯಾಗುತ್ತದೆ, ನಾತ ಹೋಗುತ್ತದೆ. ನೈಟ್ರೋಜನ್‌ನಲ್ಲಿ ಸ್ವಲ್ಪ ಭಾಗ ಕೆಸರಿನ ಜೊತೆ ಕೂರುತ್ತದೆ. ಉಳಿದ ಅಮೋನಿಯಾ ಗಾಳಿ ಚೆನ್ನಾಗಿ ಸಿಕ್ಕಿದರೆ ನೈಟ್ರೇಟ್ ಆಗಿ ಬದಲಾಗುತ್ತದೆ. ನೈಟ್ರೇಟ್ ಸೀದಾ ನೀರಿನ ಜೊತೆ ಹೊರಗೆ ಹೋಗುತ್ತದೆ. ಅದನ್ನು ತೆಗೆಯಬೇಕಾದರೆ ಗಾಳಿ ಇಲ್ಲದ ಇನ್ನೊಂದು ತೊಟ್ಟಿ ಬೇಕು. ಅಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟ್ ಅನ್ನು ಒಡೆದು ನೈಟ್ರೋಜನ್ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಆ ತೊಟ್ಟಿ ಇಲ್ಲದಿದ್ದರೆ ಘಟಕ ಎಷ್ಟೇ ಚೆನ್ನಾಗಿ ಓಡಿದರೂ ಹವಳದ ಕಣ್ಣಿಗೆ ಅದು ಅರ್ಧ ಕೆಲಸ.

ನಿಯಮವೂ ನೈಟ್ರೋಜನ್ ಲೆಕ್ಕ ಕೇಳುವುದಿಲ್ಲ ಎನ್ನುವುದು ನನಗೆ ಎಲ್ಲಕ್ಕಿಂತ ಬೇಸರದ ಸಂಗತಿ. ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಎಸ್‌ಟಿಪಿಗಳಿಗೆ ಹೊರಡಿಸಿದ ಅಧಿಸೂಚನೆಯಲ್ಲಿ ಅಳೆಯಬೇಕಾದದ್ದು ನಾಲ್ಕೇ: ಪಿಎಚ್, ಬಿಒಡಿ, ತೇಲುವ ಕಣಗಳು, ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ. ನೈಟ್ರೋಜನ್ ಇಲ್ಲ, ರಂಜಕ ಇಲ್ಲ. 2015ರ ಕರಡಿನಲ್ಲಿ ಇನ್ನೂ ಬಿಗಿ ಮಿತಿಗಳಿದ್ದವು, ಅಂತಿಮ ರೂಪದಲ್ಲಿ ಸಡಿಲವಾದವು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಿಗಿ ಮಾನದಂಡಗಳನ್ನೇ ಪಾಲಿಸಿ ಎಂದು ಹೇಳಿತು. ಕಾಗದದ ಮೇಲಿನ ಆ ಜಗ್ಗಾಟದ ನಡುವೆ ಕಟ್ಟಿ ಮುಗಿದಿದ್ದ ಘಟಕಗಳು ಹಳೆಯ ಲೆಕ್ಕಕ್ಕೇ ಕಟ್ಟಿದಂಥವು. ಇನ್ನೊಂದು ವಿಚಿತ್ರ ನೋಡಿ. 2001ರಿಂದ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಒಂದು ತುಂಡು ಮುರಿದು ಬ್ಯಾಗಿಗೆ ಹಾಕಿಕೊಂಡರೆ ಕೇಸ್. ಅದರ ಮೇಲೆ ವರ್ಷಗಟ್ಟಲೆ ಗೊಬ್ಬರದ ನೀರು ಹರಿದರೆ ಯಾರ ಮೇಲೂ ಕೇಸಿಲ್ಲ.

ಜಗತ್ತಿನ ಲೆಕ್ಕವೂ ಇದನ್ನೇ ಹೇಳುತ್ತದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸುಮಾರು 1,35,000 ಜಲಾನಯನ ಪ್ರದೇಶಗಳನ್ನು ನಕ್ಷೆ ಮಾಡಿ, ಮನುಷ್ಯರ ಕೊಳಚೆಯಿಂದ ವರ್ಷಕ್ಕೆ 62 ಲಕ್ಷ ಟನ್ ನೈಟ್ರೋಜನ್ ತೀರದ ಕಡಲಿಗೆ ಸೇರುತ್ತದೆ ಎಂದು ಅಂದಾಜು ಮಾಡಿತು. ಅದರಲ್ಲಿ 63 ಶೇಕಡಾ ಬರುವುದು ಒಳಚರಂಡಿ ಪೈಪಿನ ಜಾಲದಿಂದ. ಜಗತ್ತಿನ ಹವಳದ ದಿಬ್ಬಗಳಲ್ಲಿ 58 ಶೇಕಡಾ ಈ ನೈಟ್ರೋಜನ್‌ಗೆ ಒಡ್ಡಿಕೊಂಡಿವೆ. ಪೈಪು ಹಾಕಿದರೆ ಊರು ಸ್ವಚ್ಛವಾಗುತ್ತದೆ, ಕಾಲರಾ ಹೋಗುತ್ತದೆ, ಅದು ನಿಜ. ಆದರೆ ಚದುರಿದ್ದ ನೈಟ್ರೋಜನ್ ಅನ್ನು ಒಟ್ಟು ಮಾಡಿ ಒಂದೇ ಬಾಯಿಯಿಂದ ಕಡಲಿಗೆ ತಲುಪಿಸುವುದೂ ಅದೇ ಪೈಪು.

ಅದೂ ಸಂಸ್ಕರಣೆ ಆದ ನೀರಿನ ಮಾತಾಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯಂತೆ ದೇಶದ ನಗರಗಳಲ್ಲಿ ದಿನಕ್ಕೆ ಹುಟ್ಟುವ ಕೊಳಚೆ 72,368 ಎಂಎಲ್‌ಡಿ (ಒಂದು ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್). ನಿಜಕ್ಕೂ ಸಂಸ್ಕರಣೆ ಆಗುವುದು 20,236 ಎಂಎಲ್‌ಡಿ. ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಕರಾವಳಿಯಲ್ಲಿ ಇನ್ನೊಂದು ತೊಡಕು ಮಳೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಊರಿನಲ್ಲಿ ಮಳೆನೀರು ಮ್ಯಾನ್‌ಹೋಲಿಗೆ ನುಗ್ಗುತ್ತದೆ, ಕೊಳಚೆ ರಸ್ತೆಗೆ ಉಕ್ಕುತ್ತದೆ. ವೆಟ್‌ವೆಲ್‌ನಲ್ಲಿ (ಕೊಳಚೆ ಕೂಡಿಸಿ ಪಂಪ್ ಮಾಡುವ ಬಾವಿ) ಕರೆಂಟ್ ಹೋಗಿ ಜನರೇಟರ್ ಕೈಕೊಟ್ಟರೆ ಎಲ್ಲವೂ ಪಕ್ಕದ ತೋಡಿಗೆ. ಬೇಸಿಗೆಯಲ್ಲಿ ಕಿಂಡಿ ಅಣೆಕಟ್ಟುಗಳ ಹಿಂದೆ, ನಿಂತ ತೋಡುಗಳಲ್ಲಿ ಕೂಡಿಟ್ಟ ಕೊಳೆಯೆಲ್ಲ ಜೂನ್ ಮೊದಲ ಮಳೆಗೆ ಒಟ್ಟಿಗೆ ಅಳಿವೆ ದಾಟುತ್ತದೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂದದ್ದು ನೆನಪಿರಬಹುದು. ಕಸ ಎಲ್ಲರಿಗೂ ಕಂಡಿತು. ಅದರಿಂದ ಇಳಿದು ಫಲ್ಗುಣಿಯ ದಾರಿ ಹಿಡಿದ ಕಪ್ಪು ರಸ ಕಂಡವರು ಕಡಿಮೆ. ಉಡುಪಿಯಲ್ಲಿ ಇಂದ್ರಾಣಿ ಹೊಳೆಗೆ ಕೊಳಚೆ ಸೇರುವ ಬಗ್ಗೆ ವರ್ಷವೂ ಕೇಳಿಬರುವ ದೂರು ಎಲ್ಲರಿಗೂ ಗೊತ್ತೇ ಇದೆ.

ಪೈಪು ತಲುಪದ ಕಡೆ ನಮ್ಮ ಮನೆಗಳದು ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ. ಅದೇ ಅಂಗಳದಲ್ಲಿ ಬಾವಿ. ಉಳ್ಳಾಲದಿಂದ ಪಡುಬಿದ್ರಿ, ಮಲ್ಪೆ, ಕುಂದಾಪುರದವರೆಗೆ ಕಡಲ ಪಕ್ಕದ ಪಟ್ಟಿ ಮರಳು. ಒಳಗೆ ಹೋದರೆ ಮುರಕಲ್ಲು, ಅದೂ ತೂತು ತೂತು. ಮರಳು ಬ್ಯಾಕ್ಟೀರಿಯಾವನ್ನು ಸ್ವಲ್ಪ ಸೋಸಬಹುದು, ನೈಟ್ರೇಟ್ ಅನ್ನು ಹಿಡಿಯುವುದಿಲ್ಲ. ಅದು ಅಂತರ್ಜಲದ ಜೊತೆ ನಿಧಾನಕ್ಕೆ ಹರಿದು ಬೀಚಿನ ಅಡಿಯಿಂದಲೇ ಕಡಲಿಗೆ ಒಸರುತ್ತದೆ. ಯಾವ ಪೈಪೂ ಕಾಣದು, ಯಾವ ಅಧಿಕಾರಿಯೂ ಸ್ಯಾಂಪಲ್ ತೆಗೆಯಲಾರ.

ಈ ಕಥೆಯ ಗಟ್ಟಿ ರೂಪ ನೋಡಬೇಕಾದರೆ ಮಂಜಿ ಹತ್ತಿ ಲಕ್ಷದ್ವೀಪಕ್ಕೇ ಹೋಗಬೇಕು. ಒಟ್ಟು 32 ಚದರ ಕಿಲೋಮೀಟರ್ ನೆಲ. 2011ರಲ್ಲಿ 64,473 ಜನ. ಜನ ವಾಸ ಇರುವುದು ಹತ್ತೇ ದ್ವೀಪಗಳಲ್ಲಿ. ನೆಲ ಎಂದರೆ ಹವಳದ ಮರಳು. ಅದರೊಳಗೆ ಉಪ್ಪುನೀರಿನ ಮೇಲೆ ತೇಲುವ ತೆಳ್ಳನೆಯ ಸಿಹಿನೀರಿನ ಪದರವೇ ಜನರ ಬಾವಿ. ಮನೆ ಹೆಚ್ಚಿದಂತೆ ಸೆಪ್ಟಿಕ್ ಟ್ಯಾಂಕ್ ಹೆಚ್ಚಿತು, ಪದರ ಕೆಟ್ಟಿತು. 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರಿನಿಂದ ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರು ತೆಗೆಯುವ ಘಟಕ ಬಂತು. ಕುಡಿಯುವ ನೀರಿನ ಸಮಸ್ಯೆಗೆ ಅದು ಉತ್ತರ. ಆದರೆ ಕುಡಿದ ನೀರು ಹೋಗುವ ಜಾಗ ಬದಲಾಗಲಿಲ್ಲ, ಅದು ಲಗೂನಿಗೇ (ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವಿನ ಆಳವಿಲ್ಲದ ಕಡಲು) ಒಸರುತ್ತದೆ. ಅಲ್ಲಿ ಹವಳ ಹೋದರೆ ಹೋಗುವುದು ನೋಟ ಮಾತ್ರ ಅಲ್ಲ. ಅಲೆಯನ್ನು ತಡೆಯುವ ಗೋಡೆಯೂ ಅದೇ, ದ್ವೀಪಕ್ಕೆ ಮರಳು ಒದಗಿಸುವುದೂ ಅದೇ.

ಲಕ್ಷದ್ವೀಪದ ಹವಳಕ್ಕೆ ದೊಡ್ಡ ಏಟು ಕೊಟ್ಟದ್ದು ಕೊಳಚೆಯಲ್ಲ, ಬಿಸಿ. ಇದನ್ನು ಮುಚ್ಚಿಡಬಾರದು. 1998, 2010, 2016ರಲ್ಲಿ ಕಡಲು ಕಾದು ಹವಳ ಬಿಳಿಚಿಕೊಂಡಿತು, ಅಂದರೆ ಒಳಗಿನ ಪಾಚಿಯನ್ನು ಕಳೆದುಕೊಂಡಿತು. ಅಗತ್ತಿ, ಕದ್ಮತ್, ಕವರತ್ತಿಯಲ್ಲಿ 24 ವರ್ಷ ನೋಡಿದ ಸಂಶೋಧಕರ ಪ್ರಕಾರ ಜೀವಂತ ಹವಳದ ಹೊದಿಕೆ 37 ಶೇಕಡಾದಿಂದ 19-20 ಶೇಕಡಾಕ್ಕೆ ಇಳಿದಿದೆ. 2024ರಲ್ಲಿ ಮತ್ತೆ ಬಿಳಿಚುವಿಕೆ ಆಯಿತು, ಜಗತ್ತಿನಾದ್ಯಂತ ನಾಲ್ಕನೇ ಸಲ ಎಂದು ಆ ಏಪ್ರಿಲ್‌ನಲ್ಲಿ ಘೋಷಣೆಯೂ ಆಯಿತು. ಹಾಗಾದರೆ ಕೊಳಚೆಯ ಮಾತು ಯಾಕೆ? ಎರಡೂ ಸೇರಿಕೊಳ್ಳುತ್ತವೆ ಎನ್ನುವ ಕಾರಣಕ್ಕೆ. ನೈಟ್ರೋಜನ್ ಜಾಸ್ತಿಯಾಗಿ ಅದಕ್ಕೆ ತಕ್ಕ ರಂಜಕ ಸಿಗದಿದ್ದರೆ ಹವಳದೊಳಗಿನ ಪಾಚಿಯ ಪೊರೆ ದುರ್ಬಲವಾಗುತ್ತದೆ. ಆಗ ಕಡಿಮೆ ಬಿಸಿಗೇ ಹವಳ ಬಿಳಿಚುತ್ತದೆ. 2013ರಲ್ಲಿ ಪ್ರಯೋಗಾಲಯದಲ್ಲಿ ಇದು ಕಂಡಿತು. ಫ್ಲಾರಿಡಾದ ಲೂ ಕೀ ಎಂಬಲ್ಲಿ ಮೂರು ದಶಕದ ನೀರಿನ ಲೆಕ್ಕ ಇಟ್ಟವರು 2019ರಲ್ಲಿ ಕಡಲಿನಲ್ಲೂ ಅದನ್ನೇ ತೋರಿಸಿದರು. ಅರಬ್ಬಿ ಸಮುದ್ರದ ಬಿಸಿ ಇಳಿಸುವುದು ಮಂಗಳೂರು ಪಾಲಿಕೆಯ ಕೈಯಲ್ಲಿಲ್ಲ, ಕವರತ್ತಿಯ ಪಂಚಾಯ್ತಿಯ ಕೈಯಲ್ಲೂ ಇಲ್ಲ. ನೈಟ್ರೋಜನ್ ಇಬ್ಬರ ಕೈಯಲ್ಲೂ ಇದೆ.

ಏನು ಮಾಡಬಹುದು ಎನ್ನುವುದಕ್ಕೆ ಅರ್ಧ ಉತ್ತರ ಮಂಗಳೂರಿನಲ್ಲೇ ಇದೆ. ನಗರದ ಘಟಕಗಳಲ್ಲಿ ಸಂಸ್ಕರಿಸಿದ ನೀರನ್ನು ಎಂಎಸ್‌ಇಝಡ್‌ನ (ಮಂಗಳೂರು ವಿಶೇಷ ಆರ್ಥಿಕ ವಲಯ) ಕೈಗಾರಿಕೆಗಳು ಬಳಸುವ ವ್ಯವಸ್ಥೆ ಬಂದು ವರ್ಷಗಳಾದವು. ನೇತ್ರಾವತಿಯ ನೀರು ಉಳಿಸಲು ಮಾಡಿದ ಏರ್ಪಾಡು ಅದು, ಕಡಲು ಉಳಿಸಲು ಅಲ್ಲ. ಆದರೂ ಸರಿಯಾದ ದಿಕ್ಕು. ತೆಂಗು, ಅಡಿಕೆ ತೋಟಗಳಿಗೆ ಈ ನೀರು ಹೋದರೆ ಇನ್ನೂ ಒಳ್ಳೆಯದು. ಅಲ್ಲಿ ನೈಟ್ರೋಜನ್‌ಗೆ ಕೆಲಸ ಇದೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಟ್ಯಾಂಕರ್‌ಗಳಿಗೆ ಕೆಸರು ಸುರಿಯಲು ಗೊತ್ತಾದ ಜಾಗ ಕೊಡದೆ, ರಾತ್ರಿ ಅವು ತೋಡಿಗೆ ಬಿಡುತ್ತವೆ ಎಂದು ಬೈದು ಪ್ರಯೋಜನ ಇಲ್ಲ.

ತೊಡಕು ಮಳೆಗಾಲದ್ದು. ಜನವರಿಯಿಂದ ಮೇವರೆಗೆ ಸಂಸ್ಕರಿಸಿದ ನೀರಿಗೆ ಗಿರಾಕಿ ಸಿಗುತ್ತಾರೆ. ಜೂನ್ ಬಂದ ಮೇಲೆ ತೋಟಕ್ಕೂ ಬೇಡ, ಕಾರ್ಖಾನೆಗೂ ನದಿಯಲ್ಲೇ ಬೇಕಾದಷ್ಟಿದೆ. ಆ ನಾಲ್ಕು ತಿಂಗಳ ನೀರು ಕಡಲಿಗೆ ಹೋಗಲೇಬೇಕು. ಹಾಗಾಗಿ ನೈಟ್ರೋಜನ್ ಅನ್ನು ಘಟಕದೊಳಗೇ ತೆಗೆಯದೆ ಬೇರೆ ದಾರಿ ಇಲ್ಲ. ಅದು ಕಟ್ಟಿದ ಮೇಲೆ ತೇಪೆ ಹಾಕುವ ಕೆಲಸವಲ್ಲ, ತೊಟ್ಟಿಯ ಅಳತೆಯಲ್ಲೇ ಬರಬೇಕು. ಹೊಸ ಎಸ್‌ಟಿಪಿಯ, ಹಳೆಯದರ ವಿಸ್ತರಣೆಯ ಟೆಂಡರ್ ಕರೆಯುವಾಗ ಹೊರಹರಿವಿನಲ್ಲಿ ಒಟ್ಟು ನೈಟ್ರೋಜನ್ ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು ಒಂದು ಸಾಲು ಬರೆಯಬೇಕು. ತಿಂಗಳ ವರದಿಯಲ್ಲಿ ಬಿಒಡಿಯ ಪಕ್ಕದಲ್ಲೇ ಆ ಅಂಕಿಯೂ ಬರಬೇಕು. ವಾರ್ಡ್ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆ ಅದು.